ಹದಿನಾಲ್ಕು ವೋಲ್ಟಿನ ಭಾನುವಾರ

ಆ ಭಾನುವಾರ ನಮ್ಮ ಮನೆ ಮುಂದೆ ನಡೆದದ್ದನ್ನು ಹೇಳಲು ಹೊರಟಿದ್ದೇನೆ. ಆದರೆ ನಾನು ಹೇಳುವಂತೆಯೇ ನಡೆಯಿತೆಂದು ಪ್ರಮಾಣ ಮಾಡಲಾರೆ. ವಿಶ್ವವಿದ್ಯಾಲಯದಲ್ಲಿ ತತ್ತ್ವಶಾಸ್ತ್ರ ಓದಿ ನಾನು ಕಲಿತದ್ದು ಒಂದೇ, ಯಾವುದನ್ನೂ ಸುಮ್ಮನೆ ನಂಬಬಾರದು ಎಂಬುದು. ದೇವರಿಂದ ಶುರುವಾದ ಈ ಅನುಮಾನ ಇಳಿಯುತ್ತಾ ಇಳಿಯುತ್ತಾ ಈಗ ಬಾಗಿಲ ಬೀಗದವರೆಗೆ ಬಂದಿದೆ. ಬಸವೇಶ್ವರನಗರದ ನಮ್ಮ ಮನೆಗೆ ಬೀಗ ಹಾಕಿ ಬೀದಿಯ ತಿರುವಿನವರೆಗೆ ಹೋದವನು, ಹಾಕಿದೆನೋ ಇಲ್ಲವೋ ಎಂದು ವಾಪಸು ಬಂದು ಜಗ್ಗಿ ನೋಡುತ್ತೇನೆ. ಮತ್ತೆ ತಿರುವಿಗೆ ಹೋದಾಗ, ಜಗ್ಗಿದ್ದು ಇವತ್ತೋ ನಿನ್ನೆಯೋ ಎಂಬ ಪ್ರಶ್ನೆ ಏಳುತ್ತದೆ. ಎದುರುಮನೆ ಆಂಟಿ ಇದನ್ನು ವಾಕಿಂಗ್ ಎಂದುಕೊಂಡು, ನನ್ನನ್ನು ನೋಡಿ ಕಲಿಯುವಂತೆ ತಮ್ಮ ಯಜಮಾನರಿಗೆ ಹೇಳುತ್ತಿದ್ದಾರಂತೆ.

ಇಂಥವನ ಕೈಗೆ ಕೆಂಗೇರಿಯ ನನ್ನ ಮಾವ ತಮ್ಮ ಪ್ರಾಣದಂತಿದ್ದ ಹಳೆಯ ಬೈಕನ್ನು ಒಪ್ಪಿಸಿದ್ದರು. ಮಂಡಿ ನೋವಿನಿಂದ ಅವರಿಗೆ ಕಿಕ್ ಹೊಡೆಯಲಾಗುತ್ತಿರಲಿಲ್ಲ. ದೊಡ್ಡ ಅಳಿಯನೆಂಬ ಒಂದೇ ಯೋಗ್ಯತೆಯ ಮೇಲೆ ಬೈಕು ನನಗೆ ಬಂತು. ಯೋಗ್ಯತೆ ನಿಜವಾಗಿ ಇದ್ದದ್ದು ಚಿಕ್ಕ ಅಳಿಯ, ನಂದಿನಿ ಲೇಔಟಿನ ನನ್ನ ಷಡ್ಡಕ ಲೋಕೇಶನಿಗೆ ಎಂಬುದು ಲೋಕೇಶನ ಅಭಿಪ್ರಾಯ. ಮಳೆಗಾಲದಲ್ಲಿ ನಾನು ಬೈಕನ್ನು ಮೂಲೆಯಲ್ಲಿ ನಿಲ್ಲಿಸಿಯೇ ಬಿಟ್ಟಿದ್ದೆ. ಒಂದು ದಿನ ಮಾವ ಫೋನು ಮಾಡಿ, ಹಾರ್ನ್ ಹೊಡೆದು ಕೇಳಿಸಿ ಎಂದರು. ಹೊಡೆದೆ.

“ಇದು ಹಾರ್ನಾ ಅಳಿಯಂದಿರೇ, ಇಲ್ಲಾ ನೀವು ಕೆಮ್ಮಿದ್ರಾ?”

ಆಮೇಲೆ ತೀರ್ಪು ಬಂತು. ಈ ವಾರವೆಲ್ಲ ಬೈಕು ಓಡಿಸಬೇಕು. ಭಾನುವಾರ ಅವರು ಬಂದು ನೋಡುತ್ತಾರೆ. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಹದಿನಾಲ್ಕು ವೋಲ್ಟಿನ ಹತ್ತಿರ ತೋರಿಸಿದರೆ ಚಾರ್ಜ್ ಆಗುತ್ತಿದೆ ಎಂದರ್ಥ, ಬೈಕು ನನ್ನಲ್ಲೇ ಇರುತ್ತದೆ. ತೋರಿಸದಿದ್ದರೆ ಅದನ್ನು ಕೆಡಿಸಿದವನ ಹತ್ತಿರ ಬಿಡುವುದಿಲ್ಲ, ಲೋಕೇಶನ ಮನೆಗೆ ಹೋಗುತ್ತದೆ.

ಆ ವಾರ ರಾಜಾಜಿನಗರದ ಆಫೀಸಿಗೆ ದಿನವೂ ಬೈಕಿನಲ್ಲೇ ಹೋದೆ. ಹಾರ್ನಿಗೆ ಮೆಲ್ಲಗೆ ಗಂಟಲು ಬಂತು. ನಡುವೆ ಆಯುಧಪೂಜೆ ಬಂದದ್ದರಿಂದ ಬೈಕಿಗೆ ಚೆಂಡುಹೂವಿನ ಹಾರ ಬಿತ್ತು, ಚಕ್ರದಡಿ ನಿಂಬೆಹಣ್ಣು ಸಿಡಿಯಿತು. ನನ್ನ ಹೆಂಡತಿ ಸುಧಾ ಮಿಕ್ಸಿ, ಇಸ್ತ್ರಿಪೆಟ್ಟಿಗೆ, ಸ್ಪ್ಯಾನರು, ಈಳಿಗೆಮಣೆ ಎಲ್ಲವನ್ನೂ ಸಾಲಾಗಿ ಕೂರಿಸಿದ್ದಳು. ಪೂಜೆ ನನ್ನ ಇಲಾಖೆಯಲ್ಲ. ನಾನು ದೂರ ನಿಂತು ನೋಡುತ್ತಿದ್ದೆ ಎಂದು ನೆನಪು.

ಭಾನುವಾರ ಮಾವ ಆಟೋದಲ್ಲಿ ಬಂದಿಳಿದರು. ಜೊತೆಗೆ ಲೋಕೇಶ, ಕೈಯಲ್ಲಿ ಹೆಲ್ಮೆಟ್. ಆಟೋದಲ್ಲಿ ಬಂದವನಿಗೆ ಹೆಲ್ಮೆಟ್ ಯಾಕೆಂದು ಯಾರೂ ಕೇಳಲಿಲ್ಲ. ಮಾವನಿಗೆ ಗೇಟಿನ ಪಕ್ಕ ಕುರ್ಚಿ ಹಾಕಿ ಕಾಫಿ ಕೊಟ್ಟು, ನಾನು ಕಿಕ್ ಹೊಡೆದೆ. ಎಂಜಿನ್ ಗುಡುಗಿತು, ದೀಪ ಉರಿಯಿತು, ಹಾರ್ನ್ ಒತ್ತಿದರೆ ಬೀದಿಗೆಲ್ಲ ಕೇಳಿಸಿತು. ವೋಲ್ಟ್ ಅಳೆಯುವ ನನ್ನ ಮಲ್ಟಿಮೀಟರಿನ ಕೆಂಪು ಕಡ್ಡಿಯನ್ನು ಬ್ಯಾಟರಿಯ ಒಂದು ತುದಿಗೂ ಕಪ್ಪನ್ನು ಇನ್ನೊಂದಕ್ಕೂ ಇಟ್ಟೆ. ಮೀಟರು ಸೊನ್ನೆ ತೋರಿಸಿತು. ಒತ್ತಿದೆ, ಮೂರು ಎಂದಿತು. ಇನ್ನೂ ಒತ್ತಿದೆ, ಒಂಬತ್ತಕ್ಕೆ ಹಾರಿ ಮತ್ತೆ ಸೊನ್ನೆಗೆ ಬಿತ್ತು. ಲೋಕೇಶ ಹೆಲ್ಮೆಟ್ಟಿನ ಬೆಲ್ಟು ಸರಿಮಾಡಿಕೊಳ್ಳತೊಡಗಿದ.

“ಚಾರ್ಜಿಂಗ್ ಕಾಯಿಲ್ ಸುಟ್ಟುಹೋಗಿದೆ ಭಾವ. ಪರ್ವಾಗಿಲ್ಲ ಬಿಡಿ, ನಾನು ನೋಡ್ಕೊತೀನಿ.”

“ಹಾರ್ನ್ ಹಂಗೆ ಬಡ್ಕೊಳ್ತಾ ಇದೆಯಲ್ರೀ, ಸೊನ್ನೆ ವೋಲ್ಟಲ್ಲಿ ಹೆಂಗ್ ಬಡ್ಕೊಳುತ್ತೆ?” ಎಂದಳು ಸುಧಾ.

ಕಿವಿ ಮೋಸ ಹೋಗಬಹುದು, ಉಪಕರಣ ಮೋಸ ಹೋಗುವುದಿಲ್ಲ ಎಂದು ಅವಳಿಗೆ ವಿವರಿಸಿದೆ. ಇಂದ್ರಿಯಗಳು ನಂಬಿಕೆಗೆ ಎಷ್ಟು ಅನರ್ಹ ಎಂಬುದರ ಬಗ್ಗೆಯೂ ಸ್ವಲ್ಪ ಹೇಳಿದೆ. ನನ್ನ ಬೈಕು ಕೈಬಿಟ್ಟುಹೋಗಲಿ ಎಂದು ಇಷ್ಟು ಚೆನ್ನಾಗಿ ವಾದಿಸುತ್ತಿರುವವನು ನಾನೇ ಎಂಬುದು ಹೊಳೆಯುವಷ್ಟರಲ್ಲಿ ಲೋಕೇಶ ಕೀಲಿಗೆ ಕೈ ಚಾಚಿದ್ದ. ಮಾವ ಮಾತ್ರ ಮೂಗು ಅರಳಿಸಿ ಆಚೀಚೆ ನೋಡುತ್ತಿದ್ದರು.

“ಅಳಿಯಂದಿರೇ, ನಿಮ್ಮ ಮೀಟರು ಯಾಕೆ ದೇವರ ಮನೆ ಥರ ಘಮ್ ಅಂತಿದೆ?”

ಕಡ್ಡಿಗಳನ್ನು ಮೂಗಿಗೆ ಹಿಡಿದೆ. ಅಪ್ಪಟ ಶ್ರೀಗಂಧ. ಎರಡು ತುದಿಗೂ ದಪ್ಪಗೆ ಮೆತ್ತಿದ ಗಂಧ ಒಣಗಿ ಹಿತ್ತಾಳೆಯ ಬಣ್ಣಕ್ಕೆ ತಿರುಗಿತ್ತು. ಅದರ ಮೇಲೊಂದು ಚಿಕ್ಕ ಕುಂಕುಮದ ಬೊಟ್ಟು. ಪೂಜೆ ಮಾಡಿಸಿಕೊಂಡ ಮೀಟರು, ಗಂಧ ಅಡ್ಡಬಂದು, ಬ್ಯಾಟರಿಯನ್ನು ಸರಿಯಾಗಿ ಮುಟ್ಟಿಯೇ ಇರಲಿಲ್ಲ. ಮಾವ ತಮ್ಮ ಟವೆಲಿನಿಂದ ತುದಿಗಳನ್ನು ಉಜ್ಜಿದರು. ನಾನು ಮತ್ತೆ ಇಟ್ಟು ಆಕ್ಸಿಲರೇಟರ್ ತಿರುಗಿಸಿದೆ. ಹದಿನಾಲ್ಕು, ಚುಕ್ಕಿ, ಒಂದು. ಮಾವ ಕಾಫಿ ಮುಗಿಸಿ ಲೋಟ ಕೆಳಗಿಟ್ಟು, ಬೈಕು ಇಲ್ಲೇ ಇರಲಿ ಎಂದರು. ತಂದ ಹೆಲ್ಮೆಟ್ ದಂಡವಾಗಬಾರದೆಂದು ಲೋಕೇಶನನ್ನು ಹಿಂದೆ ಕೂರಿಸಿಕೊಂಡು ವಿಜಯನಗರದವರೆಗೆ ಒಂದು ಸುತ್ತು ಹೋಗಿಬಂದೆ.

ಉಳಿದದ್ದು ಒಂದೇ ಪ್ರಶ್ನೆ, ಮೀಟರಿಗೆ ಗಂಧ ಹಚ್ಚಿದ್ದು ಯಾರು? ನೀವೇ ಎಂದಳು ಸುಧಾ. ದೇವರನ್ನೇ ಒಪ್ಪದವನು ಮಲ್ಟಿಮೀಟರನ್ನು ಪೂಜಿಸುತ್ತಾನೆಯೇ ಎಂದು ಕೇಳಿದೆ. ಮೂಢನಂಬಿಕೆ ಕುರಿತು ಅಂದು ರಾತ್ರಿ ಊಟ ಮುಗಿಯುವವರೆಗೂ ಮಾತಾಡಿದೆ. ಅವಳು ಮಜ್ಜಿಗೆ ಬಡಿಸುತ್ತಾ ನಕ್ಕಳು. ಆ ನಗು ನನಗೆ ಅನುಮಾನ ತಂದಿತು.

ಮೇಲೆ ಹೇಳಿದ್ದರಲ್ಲಿ ಏನೇನು ತಪ್ಪಿದೆಯೋ ಗೊತ್ತಿಲ್ಲ. ಮೀಟರು ಮೂರು ತೋರಿಸಿತ್ತೋ ನಾಲ್ಕೋ, ಮಾವ ಕುಡಿದದ್ದು ಕಾಫಿಯೋ ಟೀಯೋ, ಯಾವುದಕ್ಕೂ ನಾನು ಹೊಣೆಯಲ್ಲ. ಒಂದನ್ನು ಮಾತ್ರ ಆಮೇಲೆ ಸುಧಾಳ ಫೋನಿನಲ್ಲಿ ಆಯುಧಪೂಜೆಯ ಫೋಟೋಗಳನ್ನು ದೊಡ್ಡದು ಮಾಡಿ ನೋಡಿ ಖಚಿತಪಡಿಸಿಕೊಂಡಿದ್ದೇನೆ. ಈಳಿಗೆಮಣೆಗೂ ಮಿಕ್ಸಿಗೂ ನಡುವೆ ಮಂಡಿಯೂರಿ ಕುಳಿತು, ಒಂದು ಕೈಯಲ್ಲಿ ಗಂಧದ ಬಟ್ಟಲು, ಇನ್ನೊಂದರಲ್ಲಿ ಕೆಂಪು ಕಡ್ಡಿ ಹಿಡಿದಿರುವವನು ನಾನೇ. ಕಣ್ಣು ಭಕ್ತಿಯಿಂದ ಮುಚ್ಚಿದೆ.