ಮೈಕು ಕೈಬದಲಾದ ಮೇಲೆ

ಸಿನಿಮಾ ನೋಡಿ ಅಳುವ ಗಂಡಸರನ್ನು ಲೋಕ ಹಗುರವಾಗಿ ಕಾಣುತ್ತದೆ. ಆದರೂ ಹೇಳಿಬಿಡುತ್ತೇನೆ, ಒಂದೇ ಸಿನಿಮಾಕ್ಕೆ ನಾನು ಎರಡು ಸಲ ಅತ್ತಿದ್ದೇನೆ, ಅದೂ ಬೇರೆ ಬೇರೆಯವರಿಗಾಗಿ. ಮದುವೆಯಾದ ಹೊಸದರಲ್ಲಿ ಹೆಂಡತಿ ಗಿರಿಜಳನ್ನು ಮೂಡಿಗೆರೆಯ ಟೆಂಟಿಗೆ ಕರೆದುಕೊಂಡು ಹೋಗಿದ್ದೆ. ಕಪ್ಪುಬಿಳುಪಿನ ಹಳೇ ಚಿತ್ರ. ಹೆಸರಾಂತ ನಟನೊಬ್ಬ ಯಾರಿಗೂ ಗೊತ್ತಿಲ್ಲದ ಹುಡುಗಿಗೆ ಅಭಿನಯ ಕಲಿಸಿ, ಮದುವೆಯೂ ಆಗುತ್ತಾನೆ. ಅವಳು ಮೇಲೇರುತ್ತಾಳೆ, ಅವನು ಕುಡಿತಕ್ಕೆ ಬಿದ್ದು ಇಳಿಯುತ್ತಾನೆ. ಕಡೆಗೆ ಅವಳ ಚಿತ್ರ ನೋಡಲು ಹೋದರೆ ಗೇಟಿನವನು ಗುರುತು ಹಿಡಿಯದೆ ಟಿಕೆಟ್ ಕೇಳುತ್ತಾನೆ. ಇಂಥ ಗಂಡನನ್ನು ಕಟ್ಟಿಕೊಂಡಳಲ್ಲ ಎಂದು ಆಗ ನಾನು ಅತ್ತದ್ದು ಆ ಹುಡುಗಿಗಾಗಿ.

ನನ್ನದು ಕೊಟ್ಟಿಗೆಹಾರದಲ್ಲಿ ದಿನಸಿ ಅಂಗಡಿ. ಆದರೆ ಜನ ನನ್ನನ್ನು ಬಲ್ಲದ್ದು ಬೇಳೆ ಬೆಲ್ಲದಿಂದಲ್ಲ, ಗಂಟಲಿನಿಂದ. ಜಾವಳಿಯಿಂದ ಕಳಸದವರೆಗೆ ಮದುವೆಯಿರಲಿ, ಶಾಲೆಯ ವಾರ್ಷಿಕೋತ್ಸವವಿರಲಿ, ನಿರೂಪಣೆ ನನ್ನದೇ. 'ಸಹೃದಯಿ ಬಂಧುಗಳೇ' ಎಂದು ನಾನು ಶುರುಮಾಡಿದರೆ ಅಡುಗೆಮನೆಯಲ್ಲಿ ಪಲ್ಯ ತಿರುವುತ್ತಿದ್ದವನೂ ಸೌಟು ಹಿಡಿದು ಹೊರಗೆ ಬರುತ್ತಿದ್ದ. ಹೀಗಂತ ನಾನೇ ಹೇಳಿಕೊಳ್ಳಬಾರದು, ಆದರೆ ಈಗ ಬೇರೆ ಯಾರೂ ಹೇಳುವುದಿಲ್ಲ.

ಒಂದು ಸಲ ಶೀತವಾಗಿ ಗಂಟಲು ಕಟ್ಟಿತು. ಒಪ್ಪಿಕೊಂಡ ಕಾರ್ಯಕ್ರಮ ಬಿಡುವಂತಿಲ್ಲ. 'ನಾನು ಬರೆದುಕೊಟ್ಟದ್ದು ಓದಿಬಿಡು ಸಾಕು' ಎಂದು ಗಿರಿಜಳನ್ನು ವೇದಿಕೆಗೆ ಕಳಿಸಿದೆ. ಮೈಕು ಬಾಯಿಂದ ಎಷ್ಟು ದೂರ ಹಿಡಿಯಬೇಕು ಎಂದು ಕಲಿಸಿದವನೂ ನಾನೇ. ಪುಣ್ಯಾತ್ಗಿತ್ತಿ ಚೀಟಿ ಮಡಚಿಟ್ಟು ಸುಮ್ಮನೆ ಮಾತಾಡಿದಳು. ಮುಂದಿನ ಸಾಲಿನ ಅಜ್ಜಿಯ ಮಂಡಿನೋವು ವಿಚಾರಿಸಿದಳು. ಜನ ಬಿದ್ದು ಬಿದ್ದು ನಕ್ಕರು. ನನ್ನ ಗಂಟಲು ವಾರದಲ್ಲಿ ಸರಿಯಾಯಿತು, ಮೈಕು ಮಾತ್ರ ವಾಪಸು ಬರಲಿಲ್ಲ.

ನನ್ನ ಪಾಲಿಗೆ ಕಾಫಿ ಬೆಳೆಗಾರರ ಸಂಘದ ವಾರ್ಷಿಕೋತ್ಸವವೊಂದೇ ಉಳಿದಿತ್ತು. ಅದು ಹೋದರೆ ನಾನು ಬರೀ ದಿನಸಿಯವನು. ಹೋದ ವರ್ಷ ಕಾರ್ಯದರ್ಶಿ ನಾಗೇಶ ಅಂಗಡಿಗೆ ಬಂದಾಗ ಜುಬ್ಬಾ ಇಸ್ತ್ರಿಗೆ ಕೊಡುವುದನ್ನು ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಅವನು ತಲೆ ಕೆರೆದುಕೊಂಡು, "ಅಕ್ಕ ಮನೇಲಿದಾರಾ ಅಣ್ಣ?" ಎಂದ. ಆ ವಾರವೇ ಟಿವಿಯಲ್ಲಿ ಅದೇ ಹಳೇ ಸಿನಿಮಾ ಬಂತು. ಗೇಟಿನವನು ಟಿಕೆಟ್ ಕೇಳಿದ ಜಾಗದಲ್ಲಿ ನನಗೆ ಅಳು ತಡೆಯಲಾಗಲಿಲ್ಲ.

"ಎಂತಾಯ್ತು ಮಾರಾಯ್ರೆ?" ಎಂದಳು ಗಿರಿಜ.

"ಆ ಗೇಟಿನೋನಿಗೆ ಒಂಚೂರು ಮರ್ಯಾದೆ ಬೇಡ್ವಾ?" ಎಂದೆ. ಅವಳು ನನ್ನ ಮುಖವನ್ನೇ ನೋಡಿ ಟಿವಿ ಆರಿಸಿದಳು.

ಸಮಾರಂಭದ ಮಧ್ಯಾಹ್ನ ನಾನು ಮುಂದಿನ ಸಾಲಿನಲ್ಲಿ ಅವಳ ವ್ಯಾನಿಟಿ ಬ್ಯಾಗು ಹಿಡಿದು ಕೂತಿದ್ದೆ. ಅವಳು ಸ್ವಾಗತ ಶುರುಮಾಡಿದ್ದಳಷ್ಟೆ, ಕರೆಂಟ್ ಹೋಯಿತು. ಮೈಕು ಸತ್ತಿತು, ಹಿಂದಿನ ಸಾಲುಗಳಲ್ಲಿ ಗಲಾಟೆ ಎದ್ದಿತು. ಬ್ಯಾಗಿನ ಸಮೇತ ನಾನು ಯಾವಾಗ ವೇದಿಕೆ ಹತ್ತಿದೆನೋ ದೇವರೇ ಬಲ್ಲ. ಗಂಟಲೆತ್ತಿ ನನ್ನ ಹಳೇ ಪಾಠ ಒಪ್ಪಿಸಿದೆ: "ಸಹೃದಯಿ ಬಂಧುಗಳೇ, ವರುಣದೇವನ ಕೃಪೆಯಿಂದ ಈ ಸಲವೂ ಹೂಮಳೆ ಹೊತ್ತಿಗೆ ಸರಿಯಾಗಿ ಬಿದ್ದು..."

ಆ ವರ್ಷ ಹೂಮಳೆ ಪೂರ್ತಿ ಕೈಕೊಟ್ಟಿತ್ತು. ಮಳೆಯ ಬದಲು ನೀರು ಚಿಮ್ಮಿಸಿ ಕಾಫಿ ಹೂ ಅರಳಿಸಲು ಪಂಪು, ಪೈಪು ಹೊತ್ತು ಹೈರಾಣಾದವರೇ ಎದುರಿಗೆ ಕೂತಿದ್ದರು. ತೋಟವಿಲ್ಲದ ನನಗೆ ಮಳೆಯ ನೆನಪೆಲ್ಲಿ, ಭಾಷಣದ್ದಷ್ಟೇ ನೆನಪು. "ಎಲ್ಲಿ ಬಿತ್ತು ಮಾರಾಯ, ನಿನ್ನ ಅಂಗಡಿ ಮೇಲಾ?" ಎಂದು ಯಾರೋ ಕೂಗಿದರು. ಸಿನಿಮಾದ ಆ ನಟನಿಗಿಂತ ಕಡೆಯಾದೆನಲ್ಲ, ಅವನಾದರೂ ಕುಡಿದಿದ್ದ.

ಗಿರಿಜ ಪಕ್ಕಕ್ಕೆ ಬಂದು ನನ್ನ ತೋಳು ಹಿಡಿದಳು. ಅವಳ ದನಿ ಮೈಕಿಲ್ಲದೆ ಎರಡನೇ ಸಾಲು ದಾಟುವುದಿಲ್ಲ. ಕಿವಿಯಲ್ಲಿ ಹೇಳಿದಳು, ನಾನು ಹಾಗೇ ಕೂಗಿದೆ: "ನಾನು ಹೇಳಿದ್ದು ಬರೋ ವರ್ಷದ ಮಾತು! 'ನಿನ್ನ ಬಾಯಿಗೆ ಸಕ್ಕರೆ ಹಾಕ' ಅನ್ನಿ, ಸಕ್ಕರೆ ನಮ್ಮಂಗಡೀಲೇ ಇದೆ!"

ಸಭೆಯೆಲ್ಲ ನಕ್ಕಿತು, ಕೂಗಿದವರೂ ಚಪ್ಪಾಳೆ ತಟ್ಟಿದರು. ಆಮೇಲೆ ಕರೆಂಟ್ ಬರುವ ತನಕ ಅವಳು ಹೇಳುವುದು, ನಾನು ಕೂಗುವುದು. ಅಷ್ಟು ಖುಷಿಯಾಗಿ ನಾನು ಯಾವ ವೇದಿಕೆಯ ಮೇಲೂ ನಿಂತದ್ದಿಲ್ಲ. ಕರೆಂಟ್ ಬಂದಾಗ ಎಲ್ಲರೂ 'ಹೋ' ಎಂದರು, ನಾನೊಬ್ಬ ಅನ್ನಲಿಲ್ಲ.

ಈ ವರ್ಷ ನಾಗೇಶ ಮತ್ತೆ ಬಂದ. ಕೇಳುವ ಮೊದಲೇ "ಅಕ್ಕ ಒಳಗಿದಾಳೆ" ಎಂದೆ.

"ಅಕ್ಕನ ಹೆಸರು ಕಾರ್ಡಿಗೆ ಹಾಕಿ ಆಯ್ತು. ನಾ ಬಂದಿದ್ದು ನಿಮ್ಮತ್ರ. ಮುಂದಿನ ಸಾಲಲ್ಲೇ ಕೂತಿರಿ ಅಣ್ಣ, ಈ ಕರೆಂಟ್ ನಂಬಂಗಿಲ್ಲ" ಎಂದ.

ಜುಬ್ಬಾ ಇಸ್ತ್ರಿಯಾಗಿ ಬಂದಿದೆ. ಹೂಮಳೆ ಬಿತ್ತೋ ಇಲ್ಲವೋ ಎಂದು ಈ ಸಲ ನಾಲ್ಕು ಜನರನ್ನು ಕೇಳಿಟ್ಟುಕೊಂಡಿದ್ದೇನೆ. ನಮ್ಮೂರಿನ ಲೈನ್‌ಮನ್ ಅಂಗಡಿ ಮುಂದೆ ಹಾದರೆ ಕರೆದು ಕೂರಿಸಿ ಕಾಫಿ ಕೊಡುತ್ತೇನೆ.

"ಆ ಲೈನ್‌ಮನ್‌ಗೆ ಎಂತಕ್ಕೆ ಇಷ್ಟು ಉಪಚಾರ?" ಎಂದು ಗಿರಿಜ ನಿನ್ನೆ ಕೇಳಿದಳು.

"ಪಾಪ, ಮಳೇಲಿ ಕಂಬ ಹತ್ತೋನು" ಎಂದೆ.