ತಂಪು ಲ್ಯಾಬಿಗೆ ಹೋಗಿ ಬೆವೆತು ಬಂದದ್ದು

ಹುಡುಗರನ್ನು ಎಲ್ಲಿಗೆ ಕರೆದುಕೊಂಡು ಹೋದರೂ ವಾಪಸ್ ಬರುವಾಗ ನನ್ನ ಮರ್ಯಾದೆ ಮಾತ್ರ ಅಲ್ಲೇ ಉಳಿದುಬಿಡುತ್ತದೆ. ನಾನು ಹೊನ್ನಾಳಿಯ ಒಂದು ಐಟಿಐನಲ್ಲಿ ಫ್ರಿಜ್, ಎಸಿ ರಿಪೇರಿ ಕಲಿಸುವ ಮೇಷ್ಟ್ರು. ಸೇರುವವರಿಲ್ಲದೆ ನಮ್ಮ ವಿಭಾಗ ಮುಚ್ಚುವ ಮಾತು ನಡೆದಿತ್ತು. ಅಷ್ಟರಲ್ಲಿ ಬಿಸಿ, ತಂಪು ಮಾಡುವ ಯಂತ್ರಗಳ ಸಂಶೋಧನಾಲಯವೊಂದು ನಮ್ಮನ್ನು ಕರೆಯಿತು. ಅಲ್ಲಿ ಇಬ್ಬರಿಗಾದರೂ ಅಪ್ರೆಂಟಿಸ್ ಕೆಲಸ ಸಿಕ್ಕರೆ ವಿಭಾಗ ಬಚಾವ್ ಅಂದುಕೊಂಡು ಹುಡುಗರ ಜೊತೆ ಹೊರಟೆ.

ತಣ್ಣನೆ ಕೋಣೆ

ಹಲ್ಲು ಕಟಕಟ ಅನ್ನುವ ಚಳಿ. ಅಲ್ಲಿನ ವಿಜ್ಞಾನಿ ಹೆಮ್ಮೆಯಿಂದ ವಿವರಿಸುತ್ತಿದ್ದರು. ನಮ್ಮ ಕ್ಲಾಸಿನ, ಸೂಳೆಕೆರೆಯಲ್ಲಿ ಮೀನು ಹಿಡಿಯುವವರ ಮನೆಯ ಹುಡುಗಿ ಮಾತ್ರ ಮೂಲೆಮೂಲೆ ಹುಡುಕುತ್ತಿದ್ದಳು.

“ಸಾರ್, ಮೀನು ಎಲ್ಲಿ ಇಟ್ಟೀರಿ?”

“ಮೀನಿಲ್ಲಮ್ಮ, ಬರೀ ಗಾಳಿ.”

“ಅಯ್ಯೋ! ಗಾಳಿ ಕೆಡದಂಗೆ ಇಡಾಕೆ ಇಷ್ಟು ಕರೆಂಟ್ ಸುಡ್ತೀರಾ?”

ವಿಜ್ಞಾನಿ ನನ್ನ ಮುಖ ನೋಡಿದರು. ನಾನು ಥರ್ಮಾಮೀಟರ್ ನೋಡಿದೆ.

ಬಿಸಿ ಕೋಣೆ

ಸೆಖೆಯಲ್ಲಿ ಮನುಷ್ಯ ಎಷ್ಟು ಹೊತ್ತು ತಡೆಯಬಲ್ಲ ಎಂದು ನೋಡುವ ಕೋಣೆ ಅದು. “ತಡಿಯೋಕೆ ಆಗದಿದ್ರೆ ಕೆಂಪು ಗುಂಡಿ ಒತ್ತಪ್ಪ” ಎಂದು ಹೇಳಿ, ಬಿಸಿಲಿಗೆ ಹೆಸರಾದ ಜಗಳೂರು ಕಡೆಯ ಬಿಳಿಚೋಡಿನ ಹುಡುಗನನ್ನು ಒಳಗೆ ಕಳಿಸಿದರು. ಎಷ್ಟು ಹೊತ್ತಾದರೂ ಅವನು ಗುಂಡಿ ಒತ್ತಲಿಲ್ಲ. ವಿಜ್ಞಾನಿ ಗಾಬರಿಯಾಗಿ ಬಾಗಿಲು ತೆರೆದರು. ಹುಡುಗ ಗೊರಕೆ ಹೊಡೆಯುತ್ತಿದ್ದ.

ಎಬ್ಬಿಸಿದರೆ ಸಿಟ್ಟು ಬೇರೆ. “ಬಾಗ್ಲು ಹಾಕ್ರಿ ಸಾರ್, ಥಂಡಿ ಗಾಳಿ ಬರ್ತೈತೆ!”

ಕೊನೆಯ ಪರೀಕ್ಷೆ

ಇಷ್ಟೆಲ್ಲ ಆದಮೇಲೂ ಸಂಶೋಧನಾಲಯದ ಮುಖ್ಯಸ್ಥೆ ದೊಡ್ಡ ಮನಸ್ಸು ಮಾಡಿದರು. ತಮ್ಮ ಕೋಣೆಯಲ್ಲಿ ಕೆಟ್ಟು ನಿಂತ ಎಸಿ ತೋರಿಸಿ, “ಇದನ್ನ ಸರಿ ಮಾಡಿದ್ರೆ ಇಬ್ಬರನ್ನ ಅಪ್ರೆಂಟಿಸ್ ತಗೋತೀನಿ” ಅಂದರು.

ಸವಳಂಗದ ಇಬ್ಬರು ಹುಡುಗರು ಮುಂದೆ ಬಂದರು. ಬಿಚ್ಚಿದರು, ಏನೇನೋ ಜೋಡಿಸಿದರು. ನಾನು ದೇವರನ್ನು ನೆನೆಯುತ್ತಾ ನಿಂತೆ. ಎಸಿ ಗುರ್ರ್ ಎಂದು ಶುರುವಾಯಿತು! ಕಣ್ಣಲ್ಲಿ ನೀರೇ ಬಂತು. ಆಮೇಲೆ ಗೊತ್ತಾಯಿತು, ಅದು ಬೆವರು. ಎಸಿಯಿಂದ ಧಗಧಗ ಬಿಸಿಗಾಳಿ ಬರುತ್ತಿತ್ತು.

“ಮೇಡಂ, ಹೊರಗೆ ಹಾಕೋ ಬಿಸಿನ ಒಳಗೆ ಹಾಕ್ತೈತೆ, ಅಷ್ಟೇಯ. ಮಿಷಿನ್ ಚಲೋ ಐತೆ” ಅಂದ ಒಬ್ಬ.

ನನಗೆ ತಡೆಯಲಾಗಲಿಲ್ಲ. “ಹಿಂಗೆ ರಿಪೇರಿ ಮಾಡಾಕೆ ಯಾವನೋ ಕಲಿಸಿದ್ದು?”

“ನೀವೇ ಸಾರ್” ಅಂದರು ಇಬ್ಬರೂ, ಬಹಳ ಗೌರವದಿಂದ.

ಮುಖ್ಯಸ್ಥೆ ಸೆರಗಿನಲ್ಲಿ ಮುಖ ಒರೆಸಿಕೊಂಡು ನನ್ನನ್ನೇ ನೋಡಿದರು. “ಇಬ್ಬರನ್ನೂ ಇವತ್ತೇ ಸೇರಿಸ್ಕೋತೀನಿ ಮೇಷ್ಟ್ರೇ. ಇನ್ನೂ ಸ್ವಲ್ಪ ದಿನ ನಿಮ್ಮ ಕೈಯಲ್ಲಿ ಬಿಟ್ರೆ ಆಮೇಲೆ ಇವರನ್ನ ಸರಿ ಮಾಡೋಕೆ ಆಗಲ್ಲ.”