ಮಾವ ಬೆಳೆದ ಕೊತ್ತಂಬರಿ

ಹಾವಿಗೆ ಹೆದರುವವನನ್ನು ಜನ ನಂಬುತ್ತಾರೆ. ಕೊತ್ತಂಬರಿ ಸೊಪ್ಪಿಗೆ ಹೆದರುವವನನ್ನು ಯಾರೂ ನಂಬುವುದಿಲ್ಲ. ನಾನು ಎರಡನೇ ಜಾತಿಯವನು. ಒಂದು ಎಲೆ ಬಾಯಿಗೆ ಹೋದರೆ ಸಾಕು, ನಾಲಿಗೆ ತುರಿಸುತ್ತದೆ, ತುಟಿ ಊದಿ ಕಡುಬಾಗುತ್ತದೆ. ಮದ್ದೂರಿನ ಡಾಕ್ಟರು ಇದಕ್ಕೆ ಅಲರ್ಜಿ ಅಂದರು. ನಮ್ಮವ್ವ ಕೊಬ್ಬು ಅಂದಳು. ಅದೇ ಗಿಡದ ಬೀಜ ಮಾತ್ರ ನನಗೆ ಏನೂ ಮಾಡುವುದಿಲ್ಲ. ಇದನ್ನು ಬಿಡಿಸಿ ಹೇಳಿದಷ್ಟೂ ನಾನು ಸುಳ್ಳುಗಾರನಾಗುತ್ತೇನೆ. "ಬೀಜ ತಿಂದೋನ್ಗೆ ಸೊಪ್ಪು ಆಗಕಿಲ್ವಾ? ಮರಿ ತಿಂತೀನಿ, ಕುರಿ ತಿನ್ನಕಿಲ್ಲ ಅಂದಂಗಾಯ್ತು, ಬುಡ್ಲಾ" ಎಂದು ಗ್ಯಾರೇಜಿನಲ್ಲಿ ಜೊತೆಗೆ ಕೆಲಸ ಮಾಡುವ ಸಿದ್ದ ನಗುತ್ತಾನೆ. ಹೋಟೆಲಿನ ಉಪ್ಪಿಟ್ಟಿನಲ್ಲಿ ಸೊಪ್ಪು ಆಯುತ್ತಾ ಕೂರಬೇಕು. ಹಾಗೆ ಕೂರುವ ತಾಳ್ಮೆ ಇದ್ದಿದ್ದರೆ ಏಳನೇ ಕ್ಲಾಸು ದಾಟುತ್ತಿದ್ದೆ.

ಇಂಥವನಿಗೆ ಆತಗೂರಿನ ಕಡೆ ಹೆಣ್ಣು ಗೊತ್ತಾಯಿತು. ಜಮೀನು ಎಷ್ಟಿದೆ ಎಂದು ನಮ್ಮವರು ಕೇಳಿದರು. ಅದರಲ್ಲಿ ಏನು ಹಾಕಿದ್ದೀರಿ ಎಂದು ಯಾರೂ ಕೇಳಲಿಲ್ಲ. ಮದುವೆಯಾಗಿ ಬೀಗರೂಟಕ್ಕೆ ಹೋದಾಗ ನೋಡುತ್ತೇನೆ, ಮನೆ ಹಿಂದೆ ಕಣ್ಣು ಹಾಯುವಷ್ಟು ದೂರ ಕೊತ್ತಂಬರಿ.

ಬೀಗರೂಟದಲ್ಲಿ ಹೊಸ ಅಳಿಯ ಮರಿ ಕಡಿದು ಮಾಡಿದ ಬಾಡು ಮುಟ್ಟದೆ ಕೂತರೆ ಅದು ಊಟ ಬಿಟ್ಟಂತಲ್ಲ, ಸಂಬಂಧ ಬಿಟ್ಟಂತೆ. ಅದಕ್ಕೇ ನನ್ನ ಹೆಂಡತಿ ಸವಿತಾ ನನಗೆ ಸೊಪ್ಪು ಆಗುವುದಿಲ್ಲ ಎಂದು ಮೊದಲೇ ತನ್ನ ಅವ್ವನಿಗೆ ಹೇಳಿದ್ದಳು. ಅತ್ತೆ ಮುದ್ದೆ ಇಟ್ಟು, ಸಾರು ಬಿಟ್ಟು, ಹೆಮ್ಮೆಯಿಂದ ಹೇಳಿದರು: "ನಿಮ್ಗೆ ಅಂತ ಮ್ಯಾಲೆ ಸೊಪ್ಪು ಉದ್ರುಸ್ಲೇ ಇಲ್ಲ ಕಣಪ್ಪ. ಮಸಾಲೆಗೆ ಒಂದೆರಡು ಕಟ್ಟು ರುಬ್ಬಿರದು ಅಷ್ಟೇಯ."

"ಅದೂ ಸೊಪ್ಪೇ ಅಲ್ವಾ ಅತ್ತೆ?"

"ರುಬ್ಬುದ್ಮ್ಯಾಲೆ ಅದ್ಯಾವ ಸೊಪ್ಪು? ಮಸಾಲೆ!"

ನನ್ನ ಕೈ ನಿಂತಿತು. ಪಂಕ್ತಿಯಲ್ಲಿದ್ದವರ ಕೈಗಳೂ ನಿಂತವು. ಮಾವ ಬಕೆಟ್ಟು ಹಿಡಿದು ಓಡಿ ಬಂದರು. "ಯಾಕಪ್ಪ, ಮರಿ ಬಲ್ತೋಗದಾ?" ಅವರ ತಮ್ಮ ಅತ್ತಲಿಂದ, "ಬೈಕು ಬೇಕೇನೋ ಕೇಳಣ್ಣ" ಎಂದ. ನಮ್ಮಪ್ಪ ತಲೆ ಬಗ್ಗಿಸಿದ. ಬಾಗಿಲಲ್ಲಿ ನಿಂತಿದ್ದ ಸವಿತಾಳ ಕಣ್ಣು ತುಂಬಿತ್ತು. ಥೂ, ಏನಾದರೂ ಆಗಲಿ ಎಂದು ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ ನುಂಗಿದೆ. ಎಲ್ಲರೂ ನಕ್ಕು ಊಟಕ್ಕೆ ಬಗ್ಗಿದರು. ಅವರು ಮತ್ತೆ ತಲೆ ಎತ್ತುವುದರಲ್ಲಿ ನನ್ನ ಮುಖ ಬೇರೆ ಯಾರದೋ ಆಗಿತ್ತು.

ಮಾವನೇ ಬೈಕಿನಲ್ಲಿ ಕೂರಿಸಿಕೊಂಡು ಮದ್ದೂರಿಗೆ ಓಡಿಸಿದರು. ಇಂಜೆಕ್ಷನ್ ಆಯಿತು, ಉಸಿರು ಸಲೀಸಾಯಿತು. ಪಕ್ಕದಲ್ಲಿ ಕೂತ ಮಾವ, "ನಾನು ಹೊಲಕ್ಕೆ ಔಸ್ದಿ ಗೀಸ್ದಿ ಒಡ್ಯಕಿಲ್ಲ ಕಣಪ್ಪ. ಒಳ್ಳೆ ಸೊಪ್ಪು" ಎಂದರು. ತುಟಿ ಅಲ್ಲಾಡುವಂತಿದ್ದರೆ ನಾನೇ ಸಮಾಧಾನ ಹೇಳುತ್ತಿದ್ದೆ.

ಅಲ್ಲಿಂದೀಚೆಗೆ ಆ ಮನೆಯಲ್ಲಿ ನನಗೆ ಬೇರೆ ಪಾತ್ರೆ, ಬೇರೆ ಸಾರು. ಮಾವ ಹೊಲದಿಂದ ಬಂದರೆ ಕೈ ತೊಳೆದೇ ನನ್ನನ್ನು ಮುಟ್ಟುತ್ತಾರೆ. ಇಂಥ ಮಾವ ಮೊನ್ನೆ ನಮ್ಮ ಮನೆಗೆ ಬಂದರು. ಸವಿತಾ ಬದನೆಕಾಯಿ ಎಣ್ಣೆಗಾಯಿ ಮಾಡಿದ್ದಳು. ನಾನೇ ಬಡಿಸಲು ಹೋದೆ. ಮಾವ ತಟ್ಟೆಗೆ ಕೈ ಅಡ್ಡ ಹಿಡಿದರು.

"ಬದ್ನೆಕಾಯಿ ಬ್ಯಾಡ ಕಣಪ್ಪ. ಈಚೀಚ್ಗೆ ನಂಗೆ ಮೈಯೆಲ್ಲ ನವೆ ಆಯ್ತದೆ."

"ಅಯ್, ಒಂದೇ ಒಂದು ತಿನ್ನಿ ಮಾವ, ಏನೂ ಆಗಕಿಲ್ಲ" ಎಂದೆ.

ಮಾವ ನನ್ನ ತುಟಿಯನ್ನೇ ನೋಡುತ್ತಾ ಕೂತರು.